ಗೋಧಿ ಒಗ್ಗದ ಮಕ್ಕಳು, ಓದಲಾಗದ ಪೊಟ್ಟಣಗಳು

ರಾಯದುರ್ಗ, ಮಡಕಶಿರ ಎಂದೊಡನೆ ನಮ್ಮ ಓದುಗರಿಗೆ ನೆನಪಾಗುವುದು ಗಡಿಯ ಹಳೆಯ ಕಥೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರೂಪುಗೊಂಡಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಅತ್ತ ಹೋದುವು. ಮೂರು ವರ್ಷ ಕಳೆದು 1956ರ ನವೆಂಬರ್ 1ರಂದು ನಮ್ಮ ಕಾಸರಗೋಡಿಗೂ ಅದೇ ಗತಿ ಬಂತು. ಮಡಕಶಿರ ಮುಂಚಿನಿಂದಲೂ ಅನಂತಪುರ ಜಿಲ್ಲೆಯಲ್ಲಿತ್ತು. 2022ರಲ್ಲಿ ಜಿಲ್ಲೆ ಒಡೆದಾಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ರಾಯದುರ್ಗದ ಕಡೆಯ ಡಿ. ಹಿರೇಹಾಳ್, ಮಡಕಶಿರದ ಕಡೆಯ ಅಗಳಿ, ರೊಳ್ಳ, ಅಮರಾಪುರಗಳಲ್ಲಿ ಇಂದಿಗೂ ಎಷ್ಟೋ ಮನೆಗಳ ಮಾತು ಕನ್ನಡ. ಶಾಲೆ, ಪಠ್ಯಪುಸ್ತಕ, ಶಿಕ್ಷಕರ ನೇಮಕ ಎಂದು ಬಂದಾಗ ಅಲ್ಲಿಯವರ ಅಳಲೂ ನಮ್ಮ ಅಳಲೂ ಒಂದೇ. ಆದರೆ ಇಂದು ನಾವು ಬರೆಯಹೊರಟಿರುವುದು ಪುಸ್ತಕದ ಅಕ್ಷರದ ಕುರಿತಲ್ಲ; ಬಿಸ್ಕತ್ತಿನ ಪೊಟ್ಟಣದ ಮೇಲಿನ ಅಕ್ಷರದ ಕುರಿತು. ಇದೇನು ದೊಡ್ಡ ಸಂಗತಿಯೆಂದು ಕೆಲವರು ಮೂಗು ಮುರಿದಾರು. ಆ ಅಕ್ಷರವನ್ನು ಓದಲಾಗದೆ ಕಾಯಿಲೆ ಬೀಳುವ ಮಗುವಿನ ತಾಯಿ ಹಾಗೆ ಹೇಳಲಾರಳು.

ಗೋಧಿ ಹಿಟ್ಟನ್ನು ಕಲಸಿ, ಉಂಡೆ ಮಾಡಿ, ನೀರಿನಲ್ಲಿ ಹಿಸುಕುತ್ತ ತೊಳೆದರೆ ಬಿಳಿಯ ಪಿಷ್ಟವೆಲ್ಲ ಹರಿದುಹೋಗಿ ರಬ್ಬರಿನಂತಹ ಅಂಟು ಕೈಯಲ್ಲಿ ಉಳಿಯುತ್ತದೆ. ಅದೇ ಗ್ಲೂಟೆನ್. ಚಪಾತಿ ಹರಿಯದಂತೆ ಹಿಡಿದಿಡುವುದೂ ನಮ್ಮೂರ ಹೋಟೆಲಿನ ಪರೋಟ ಬೀಸಿದಷ್ಟೂ ಹಿಗ್ಗುವುದೂ ಅದರಿಂದಲೇ. ಬಾರ್ಲಿಯಲ್ಲೂ ರೈ ಎಂಬ ವಿದೇಶೀ ಧಾನ್ಯದಲ್ಲೂ ಇದೇ ಬಳಗದ ಸಸಾರಜನಕವಿದೆ. ಬಹುಪಾಲು ಜನರಿಗೆ ಇದರಿಂದ ಏನೂ ತೊಂದರೆಯಿಲ್ಲ. ಕೆಲವರಿಗೆ ಮಾತ್ರ, ವಂಶಪಾರಂಪರ್ಯವಾಗಿ ಬಂದ ದೇಹಗುಣದಿಂದಾಗಿ, ಇದು ಹೊಟ್ಟೆ ಸೇರಿದಾಗಲೆಲ್ಲ ದೇಹದ ರಕ್ಷಣಾವ್ಯವಸ್ಥೆ ತನ್ನದೇ ಸಣ್ಣಕರುಳಿನ ಮೇಲೆ ತಿರುಗಿಬೀಳುತ್ತದೆ. ಕರುಳಿನ ಒಳಮೈಯಲ್ಲಿರುವ ಮಖಮಲ್ಲಿನಂತಹ ಎಳೆಗಳು ಸವೆದುಹೋಗುತ್ತವೆ. ಉಂಡದ್ದು ಮೈಗೆ ಹತ್ತುವುದಿಲ್ಲ. ವೈದ್ಯರು ಇದನ್ನು ಸೀಲಿಯಾಕ್ ಕಾಯಿಲೆ ಎನ್ನುತ್ತಾರೆ.

ಉಬ್ಬಿದ ಹೊಟ್ಟೆ, ಬಡಕಲು ಕೈಕಾಲು, ಬಿಟ್ಟು ಬಿಟ್ಟು ಬರುವ ಭೇದಿ, ಓರಗೆಯ ಮಕ್ಕಳ ಭುಜಕ್ಕೂ ಬಾರದ ಎತ್ತರ, ಕಬ್ಬಿಣದ ಮಾತ್ರೆ ಎಷ್ಟು ನುಂಗಿಸಿದರೂ ತುಂಬದ ರಕ್ತ. ಇಂಥ ಮಗುವನ್ನು ಕಂಡರೆ ನಾವು ಜಂತುಹುಳು ಎನ್ನುತ್ತೇವೆ, ದೃಷ್ಟಿ ತಾಗಿತು ಎನ್ನುತ್ತೇವೆ, ಕೊನೆಗೆ ಬಡತನ ಎಂದು ಸುಮ್ಮನಾಗುತ್ತೇವೆ. ರಕ್ತದಲ್ಲಿ ಒಂದು ಪ್ರತಿಕಾಯದ ಪರೀಕ್ಷೆ, ಬಳಿಕ ಎಂಡೋಸ್ಕೋಪಿ ಮಾಡಿ ಕರುಳಿನ ಚೂರೊಂದರ ಪರೀಕ್ಷೆ, ಇಷ್ಟರಿಂದ ರೋಗ ಸಾಮಾನ್ಯವಾಗಿ ತಿಳಿದುಬರುತ್ತದೆ. ಇಲ್ಲಿ ಒಂದು ಮಾತು: ಅನುಮಾನ ಬಂದೊಡನೆ ಗೋಧಿ ಬಿಡಿಸಿ ಆಮೇಲೆ ಪರೀಕ್ಷೆಗೆ ಹೋದರೆ ರೋಗ ಸಿಕ್ಕದೇ ಹೋಗಬಹುದು. ಮೊದಲು ಪರೀಕ್ಷೆ, ಅನಂತರ ಪಥ್ಯ. ಇದಕ್ಕೆ ಔಷಧಿಯೆಂದರೆ ಆ ಪಥ್ಯ ಒಂದೇ, ಅದೂ ಜೀವನಪರ್ಯಂತ. ಪಥ್ಯ ಸರಿಯಾಗಿ ನಡೆದರೆ ಮಗು ಮತ್ತೆ ಬೆಳೆಯುತ್ತದೆ.

ಗೋಧಿಯೇ ಇದರ ಮೂಲವೆಂದು ತೋರಿಸಿಕೊಟ್ಟವರು ಹಾಲೆಂಡಿನ ಮಕ್ಕಳ ವೈದ್ಯ ವಿಲೆಮ್ ಡಿಕೆ. ಎರಡನೆಯ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ, ಆ ದೇಶದಲ್ಲಿ ಘೋರ ಕ್ಷಾಮ. ಬ್ರೆಡ್ಡಿಗೆ ತತ್ವಾರ. ಊರಿಗೆ ಊರೇ ಸೊರಗುತ್ತಿದ್ದಾಗ ಈ ರೋಗದ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ಡು ಮತ್ತೆ ಸಿಗತೊಡಗಿದಾಗ ಪುನಃ ಹಾಸಿಗೆ ಹಿಡಿದರು. ಮೊದಲೇ ಗೋಧಿಯ ಮೇಲೆ ಗುಮಾನಿಯಿದ್ದ ಡಿಕೆ 1950ರಲ್ಲಿ ತಮ್ಮ ಪ್ರಬಂಧದಲ್ಲಿ ಅದನ್ನು ಪ್ರಯೋಗಪೂರ್ವಕ ಸ್ಥಾಪಿಸಿದರು.

ಈ ಪಥ್ಯದ ಕಷ್ಟವೆಂದರೆ ಅಳತೆಯದು. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ದಿನಕ್ಕೆ 50 ಮಿಲಿಗ್ರಾಂ ಗ್ಲೂಟೆನ್ ಮೂರು ತಿಂಗಳು ಹೊಟ್ಟೆಗೆ ಹೋದರೂ ಕರುಳು ಕೆಡುತ್ತದೆ. ಅಷ್ಟು ಗ್ಲೂಟೆನ್ ಬ್ರೆಡ್ಡಿನ ಒಂದು ಚಿಕ್ಕ ಚೂರಿನಲ್ಲೇ ಉಂಟು. ಹಾಗಾಗಿ ‘ಸ್ವಲ್ಪ ತಿಂದರೆ ಏನಾಗುತ್ತದೆ, ಮಗು ಆಸೆಪಡುತ್ತದೆ’ ಎಂಬ ಅಜ್ಜಿಯಂದಿರ ಮಾತು ಇಲ್ಲಿ ನಡೆಯದು. ತಾಯಿಗೆ ಪ್ರತಿಯೊಂದು ಪೊಟ್ಟಣದ ಒಳಗೇನಿದೆ ಎಂದು ತಿಳಿಯಲೇಬೇಕು.

ರಾಯದುರ್ಗ, ಮಡಕಶಿರಗಳ ಹಳೆಯ ಊಟದಲ್ಲಿ ಈ ಸಮಸ್ಯೆಯೇ ಇರಲಿಲ್ಲ. ಮಳೆ ಕಡಿಮೆಯ ಸೀಮೆ ಅದು. ರಾಗಿ ಮುದ್ದೆ, ಜೋಳದ ರೊಟ್ಟಿ, ನವಣೆ ಅನ್ನ, ಕಡಲೆಕಾಯಿ ಚಟ್ನಿ: ಇವಾವುದರಲ್ಲೂ ಗ್ಲೂಟೆನ್ ಇಲ್ಲ. ಹಾಲೆಂಡಿನ ವೈದ್ಯರು ಹುಡುಕಿ ಬರೆದುಕೊಟ್ಟ ಪಥ್ಯವನ್ನು ಅಲ್ಲಿನ ಹೊಲಗಳು ಹೇಳದೆಯೇ ಬೆಳೆಯುತ್ತಿದ್ದುವು. ಈಗಲೂ ಬೆಳೆಯುತ್ತವೆ. ಆದರೆ ಶಾಲೆಯ ಎದುರಿನ ಗೂಡಂಗಡಿಯಲ್ಲಿ ತೂಗುವುದು ಬಿಸ್ಕತ್ತು, ನೂಡಲ್ಸು, ಕುರುಕಲು ತಿಂಡಿಯ ಮಾಲೆಗಳು. ಬಸ್ಸು ನಿಲ್ದಾಣದ ಬೇಕರಿಯಲ್ಲಿ ಬನ್ನು, ಪಫ್ಸು. ಬೆಳಿಗ್ಗೆ ರವೆಯ ಉಪ್ಪಿಟ್ಟು, ಹಬ್ಬಕ್ಕೆ ಶಾವಿಗೆ ಪಾಯಸ. ಇವೆಲ್ಲ ಗೋಧಿಯದೆಂದು ತಿಳಿದವರಿಗೆ ತಿಳಿದೀತು. ‘ಮಾಲ್ಟ್’ ಎಂಬ ಹೆಸರಿನ ಪುಡಿಯಲ್ಲಿ ಮೊಳಕೆ ಬರಿಸಿದ ಬಾರ್ಲಿ ಇರಬಹುದೆಂದು ಎಷ್ಟು ಮಂದಿಗೆ ಗೊತ್ತು? ಶುದ್ಧ ರಾಗಿಯನ್ನೇ ಬೀಸಿಸಿದರೂ ಗಿರಣಿಯಲ್ಲಿ ಅದಕ್ಕೆ ಮುಂಚೆ ಯಾರದೋ ಗೋಧಿ ಬಿದ್ದಿದ್ದರೆ ಪಥ್ಯ ಅಲ್ಲಿಗೆ ಮುಗಿಯಿತು.

ಇನ್ನು ಇಂಗು. ಮೊನ್ನೆ ನಮ್ಮ ಅಡಿಗೆಮನೆಯ ಇಂಗಿನ ಡಬ್ಬಿಯನ್ನು ಕನ್ನಡಕ ಏರಿಸಿಕೊಂಡು ಓದಿ ನೋಡಿದೆವು. ಅಂಗಡಿಯಲ್ಲಿ ಸಿಗುವ ಕೂಟು ಇಂಗು ಬರಿಯ ಇಂಗಲ್ಲ. ಅದಕ್ಕೆ ಗೋಂದನ್ನೂ ಹಿಟ್ಟನ್ನೂ ಬೆರೆಸುತ್ತಾರೆ. ಹಿಟ್ಟು ಅಕ್ಕಿಯದಾಗಿರಬಹುದು, ಗೋಧಿಯದೂ ಆಗಿರಬಹುದು. ಕಾನೂನು ಎರಡಕ್ಕೂ ಅವಕಾಶ ಕೊಟ್ಟಿದೆ. ನಮ್ಮ ಡಬ್ಬಿಯಲ್ಲಿದ್ದುದು ಗೋಧಿಯದು. ಹಾಗೆಂದು ಬರೆದಿತ್ತು ನಿಜ. ಸಾಸಿವೆ ಕಾಳಿಗಿಂತ ಚಿಕ್ಕ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ. ಗೋಧಿಯ ಪದಾರ್ಥ ಒಂದನ್ನೂ ಮುಟ್ಟದ ಮನೆಯ ಸಾರಿನ ಒಗ್ಗರಣೆಯಲ್ಲೂ ಗೋಧಿ!

ಕಾನೂನೇ ಇಲ್ಲವೆಂದು ನಾವು ಹೇಳುವುದಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮಾವಳಿಯಂತೆ, ಪೊಟ್ಟಣದ ಆಹಾರದಲ್ಲಿ ಗ್ಲೂಟೆನ್ ಇರುವ ಧಾನ್ಯವಿದ್ದರೆ ಹಾಲು, ಮೊಟ್ಟೆ, ಕಡಲೆಕಾಯಿಗಳಂತೆ ಅದನ್ನೂ ‘ಇದೆ’ ಎಂದು ಪ್ರತ್ಯೇಕವಾಗಿ ನಮೂದಿಸಬೇಕು. ‘ಗ್ಲೂಟೆನ್ ಮುಕ್ತ’ ಎಂದು ಬರೆದುಕೊಳ್ಳುವವರ ಪದಾರ್ಥದಲ್ಲಿ ಕಿಲೋಗೆ 20 ಮಿಲಿಗ್ರಾಂ ಮೀರಬಾರದು. ಒಳ್ಳೆಯದೇ. ಆದರೆ ಈ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿದ್ದರೆ ಸಾಕು ಎನ್ನುತ್ತದೆ ಅದೇ ನಿಯಮ. ಬೇರೆ ಭಾಷೆಯನ್ನು ಸೇರಿಸಬಾರದೆಂದಿಲ್ಲ, ಸೇರಿಸಲೇಬೇಕೆಂದೂ ಇಲ್ಲ. ಅಂದಮೇಲೆ ಯಾರು ಸೇರಿಸುತ್ತಾರೆ?

ಅಗಳಿಯ ಕನ್ನಡ ಶಾಲೆಯಲ್ಲಿ ನಾಲ್ಕೈದು ತರಗತಿ ಓದಿ, ಮದುವೆಯಾಗಿ, ಹೊಲದ ಕೆಲಸಕ್ಕೆ ಹೋಗುವ ಒಬ್ಬ ತಾಯಿಯನ್ನು ಊಹಿಸಿಕೊಳ್ಳಿ. ಆಕೆಗೆ ತೆಲುಗು ಮಾತು ಬರುತ್ತದೆ, ಓದು ಅಷ್ಟಕ್ಕಷ್ಟೆ. ಪೊಟ್ಟಣದಲ್ಲಿ ತೆಲುಗೂ ಕಡ್ಡಾಯವಲ್ಲ, ಕನ್ನಡದ ಮಾತೇ ಬೇಡ. ಪೊಟ್ಟಣದ ಮುಖದ ಮೇಲೆ ಮಾತ್ರ ಸಿನಿಮಾ ನಟರ ಚಿತ್ರವೋ ನಗುವ ಮಗುವೋ ಇರುತ್ತದೆ. ನಗರದ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ‘ಲೇಬಲ್ ಓದಿ ಕೊಡಮ್ಮಾ’ ಎಂದು ಹೇಳಿ ಕಳುಹಿಸುತ್ತಾರೆ. ಓದುವುದೇನನ್ನು? ಪೆರ್ಲದಲ್ಲೋ ಬದಿಯಡ್ಕದಲ್ಲೋ ನಮ್ಮ ಅಕ್ಕತಂಗಿಯರ ಪಾಡೂ ಬೇರೆಯಲ್ಲ.

ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ಬಿಡಿಯಾಗಿ ಮಾರುವ ತಿಂಡಿಗಳಿಗೆ ಚೀಟಿಯೇ ಇಲ್ಲ. ತೀರ ಚಿಕ್ಕ ಪೊಟ್ಟಣಗಳಿಗೆ ಜಾಗವಿಲ್ಲವೆಂಬ ಕಾರಣಕ್ಕೆ ಹಲವು ವಿವರಗಳಿಂದ ವಿನಾಯಿತಿಯೂ ಇದೆ. ಮಕ್ಕಳ ಕೈಗೆ ಸಿಗುವುದೇ ಚಿಕ್ಕ ಪೊಟ್ಟಣ! ಬಿಡಿ ಸಿಹಿತಿಂಡಿಯ ತಟ್ಟೆಯ ಮುಂದೆ ಎಷ್ಟು ದಿನದೊಳಗೆ ತಿನ್ನಬೇಕೆಂಬ ದಿನಾಂಕ ತೋರಿಸಬೇಕೆಂದು 2020ರ ಅಕ್ಟೋಬರಿನಿಂದ ಆಜ್ಞೆಯಾಯಿತು. ದಿನಾಂಕಕ್ಕೆ ಒದಗುವ ಜಾಗ ‘ಗೋಧಿ ಇದೆ’ ಎಂಬ ಎರಡು ಶಬ್ದಕ್ಕೆ ಒದಗದೆ?

ಪರದೇಶಗಳಲ್ಲಿ ಏನು ಮಾಡಿದ್ದಾರೆಂದು ನೋಡೋಣ. ಬ್ರೆಜಿಲಿನಲ್ಲಿ 2003ರ ಕಾನೂನಿನಂತೆ ಪ್ರತಿಯೊಂದು ಆಹಾರದ ಪೊಟ್ಟಣವೂ ‘ಗ್ಲೂಟೆನ್ ಇದೆ’ ಅಥವಾ ‘ಗ್ಲೂಟೆನ್ ಇಲ್ಲ’ ಎಂದು ಎರಡರಲ್ಲೊಂದನ್ನು ಹೇಳಲೇಬೇಕು. ಮೌನಕ್ಕೆ ಅಲ್ಲಿ ಅವಕಾಶವಿಲ್ಲ. ಯೂರೋಪಿನ ಒಕ್ಕೂಟದ ನಿಯಮ ನಮ್ಮಂಥವರಿಗೆ ಇನ್ನೂ ಹತ್ತಿರದ್ದು: ಸರಕು ಯಾವ ದೇಶದಲ್ಲಿ ಮಾರಾಟವಾಗುವುದೋ ಅಲ್ಲಿಯ ಗ್ರಾಹಕರಿಗೆ ಸುಲಭವಾಗಿ ತಿಳಿಯುವ ಭಾಷೆಯಲ್ಲೇ ವಿವರ ಇರಬೇಕು.

‘ದಕ್ಷಿಣದಲ್ಲಿ ಈ ರೋಗ ಅಪರೂಪ, ಇದಕ್ಕಾಗಿ ಇಷ್ಟೆಲ್ಲ ಖರ್ಚೇ?’ ಎಂದು ಕೇಳುವವರಿದ್ದಾರೆ. ಅವರ ಕೈಯಲ್ಲಿ ಒಂದು ಲೆಕ್ಕವೂ ಇದೆ. ದೇಶದ ಮೂರು ಭಾಗಗಳಲ್ಲಿ 23 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರದಲ್ಲಿ ನೂರಕ್ಕೆ 1.23, ದಕ್ಷಿಣದಲ್ಲಿ ನೂರಕ್ಕೆ 0.10 ಮಂದಿಗೆ ರೋಗ ಕಂಡಿತು. ಆದರೆ ಅದೇ ಅಧ್ಯಯನದ ಉಳಿದ ಭಾಗವನ್ನೂ ಓದಬೇಕು. ರೋಗಕ್ಕೆ ಎಡೆಮಾಡುವ ದೇಹಗುಣ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇದ್ದುದು ಮುಖ್ಯವಾಗಿ ತಟ್ಟೆಯಲ್ಲಿ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರೆ ದಕ್ಷಿಣದವರು ಬರೇ 25 ಗ್ರಾಂ. ಆ 25 ಇಂದಿನ ಮಕ್ಕಳ ತಟ್ಟೆಯಲ್ಲಿ 25 ಆಗಿಯೇ ಉಳಿದೀತೆಂದು ನಂಬಲು ನಮಗೆ ಧೈರ್ಯವಿಲ್ಲ. ನೂರಕ್ಕೆ 0.10 ಎಂದರೂ ಲಕ್ಷಕ್ಕೆ ನೂರು ಜನ. ಅವರಲ್ಲಿ ಒಬ್ಬರು ನಮ್ಮ ಮನೆಯವರಾದರೆ ಅಪರೂಪವೆಂಬ ಮಾತು ಯಾವ ಸಮಾಧಾನ ತಂದೀತು?

ಸರಕಾರದ ಕೈಯಿಂದಲೇ ಹೋಗುವ ಆಹಾರವನ್ನೂ ಇಲ್ಲಿ ಹೇಳಬೇಕು. ಆಂಧ್ರದ ಅಂಗನವಾಡಿಗಳಲ್ಲಿ ಎಳೆಯ ಮಕ್ಕಳಿಗೆಂದು ಕೊಡುತ್ತ ಬಂದಿರುವ ‘ಬಾಲಾಮೃತಂ’ ಪುಡಿಯಲ್ಲಿ ಗೋಧಿಯೇ ಮುಖ್ಯ. ನಮ್ಮ ಕಾಸರಗೋಡಿನ ಸಿ.ಪಿ.ಸಿ.ಆರ್.ಐ.ಯಲ್ಲಿ ರೂಪುಗೊಂಡು ಕುಟುಂಬಶ್ರೀ ಘಟಕಗಳಲ್ಲಿ ತಯಾರಾಗುವ ‘ಅಮೃತಂ ನ್ಯೂಟ್ರಿಮಿಕ್ಸ್’ನಲ್ಲೂ ಗೋಧಿಯುಂಟು. ಇವು ಒಳ್ಳೆಯ ಆಹಾರಗಳು, ನಾವು ದೂರುವುದಿಲ್ಲ. ಆದರೆ ತೂಕ ಏರದ ಮಗುವಿಗೆ ಅದನ್ನೇ ಇನ್ನಷ್ಟು ತಿನ್ನಿಸಿ ಎಂದು ಹೇಳುವ ಮುನ್ನ, ಅದು ಯಾಕೆ ಏರುತ್ತಿಲ್ಲವೆಂದು ಒಮ್ಮೆ ರಕ್ತ ಪರೀಕ್ಷಿಸಿ ನೋಡುವುದು ಮೇಲು. ರೋಗವಿದೆಯೆಂದು ತಿಳಿದ ಮಗುವಿಗೆ ಬದಲಿಯಾಗಿ ರಾಗಿ ಹಿಟ್ಟು ಕೊಡಲು ಮಡಕಶಿರದಂಥ ರಾಗಿಯ ಸೀಮೆಯಲ್ಲಿ ಏನಡ್ಡಿ?

ನಾವು ಕೇಳುವುದು ಹೆಚ್ಚಿನದಲ್ಲ. ಇಡೀ ಲೇಬಲ್ಲನ್ನು ಹತ್ತು ಭಾಷೆಗಳಲ್ಲಿ ಅಚ್ಚು ಹಾಕಬೇಕೆಂದಲ್ಲ. ‘ಗೋಧಿ ಇದೆ’ ಎಂಬ ಒಂದು ಸಾಲು ಮಾರಾಟದ ಪ್ರದೇಶದ ಭಾಷೆಗಳಲ್ಲಿ, ಭಾಷಾ ಅಲ್ಪಸಂಖ್ಯಾತರ ಭಾಷೆಯೂ ಸೇರಿ, ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಇರಲಿ. ಜೊತೆಗೆ ಒಂದು ಗುರುತು. ಸಸ್ಯಾಹಾರಕ್ಕೆ ಹಸಿರು ಚುಕ್ಕೆ, ಮಾಂಸಾಹಾರಕ್ಕೆ ಕಂದು ಗುರುತು 2001ರಿಂದ ಪೊಟ್ಟಣಗಳ ಮೇಲೆ ಇವೆ. ಅಕ್ಷರ ಬಾರದ ಅಜ್ಜಿಯೂ ಅದನ್ನು ನೋಡಿ ಕೊಳ್ಳುತ್ತಾರೆ. ಊಟದ ಮಡಿಗೆ ಒಂದು ಚುಕ್ಕೆ ಸಾಧ್ಯವಾದ ದೇಶದಲ್ಲಿ ಕರುಳಿನ ರಕ್ಷಣೆಗೆ ತೆನೆಯ ಗುರುತೊಂದು ಅಸಾಧ್ಯವಲ್ಲ. ಬಿಡಿ ತಿಂಡಿಗೂ ಸಣ್ಣ ಪೊಟ್ಟಣಕ್ಕೂ ಅಂಗನವಾಡಿಯ ಚೀಲಕ್ಕೂ ಇದು ಅನ್ವಯವಾಗಬೇಕು.

ಸಂವಿಧಾನದ 350ನೆಯ ಅನುಚ್ಛೇದದ ಪ್ರಕಾರ ಕೇಂದ್ರದಲ್ಲಿ ಅಥವಾ ಆಯಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಅಹವಾಲು ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ರಾಯದುರ್ಗ, ಮಡಕಶಿರಗಳ ಬಂಧುಗಳು ತಮ್ಮ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳಿಗೂ ದೆಹಲಿಯ ಪ್ರಾಧಿಕಾರಕ್ಕೂ ಅರ್ಜಿ ಬರೆಯುವಾಗ ಕನ್ನಡದಲ್ಲೇ ಬರೆಯಲಿ. ಕಾಸರಗೋಡಿನವರು ನಾವೂ ಬರೆಯುತ್ತೇವೆ. ಮನೆಯಲ್ಲಿ ಇಂಥ ಮಗುವಿರುವವರು ಯಾವ ಪೊಟ್ಟಣದಿಂದ ಮೋಸಹೋದೆವೆಂದು, ಏನನ್ನು ತಿನ್ನಿಸಿ ಮಗು ಚೇತರಿಸಿಕೊಂಡಿತೆಂದು ನಾಲ್ಕು ಸಾಲು ಬರೆದು ನಮಗೆ ಕಳುಹಿಸಿದರೆ ಹೆಸರು ಮರೆಮಾಡಿ ಪ್ರಕಟಿಸುತ್ತೇವೆ. ಅರ್ಜಿಯ ನಕಲನ್ನೂ ಜೊತೆಗಿಡಿ.