ಮಣ್ಣಿನ ಹದ, ಬೆಂಕಿಯ ಪರೀಕ್ಷೆ

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಕಟ್ಟುವುದು ಕಷ್ಟ, ಕೆಡಹುವುದು ಸುಲಭ ಎಂಬುದು ಅದರ ಲೋಕವಿದಿತವಾದ ಅರ್ಥ. ಆದರೆ ಮಣ್ಣನ್ನು ಕೈಯಾರೆ ಹದಗೊಳಿಸಿ, ಗಡಿಗೆಯನ್ನು ಮಾಡಿ, ಸುಟ್ಟು ನೋಡಿದವರಿಗೆ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಗಡಿಗೆಯನ್ನು ಒಡೆಯುವುದು ಹೊರಗಿನ ದೊಣ್ಣೆಯೊಂದೇ ಅಲ್ಲ. ಆವಿಗೆಯಲ್ಲಿ ಸೀಳಿದ ಗಡಿಗೆಯ ದೋಷವು ಬಹುಮಟ್ಟಿಗೆ ಬೆಂಕಿಯಲ್ಲಿ ಹುಟ್ಟಿದ್ದಲ್ಲ; ಮಣ್ಣನ್ನು ಸೋಸುವಾಗಲೋ ನಾದುವಾಗಲೋ ಒಣಗಿಸುವಾಗಲೋ ಅವಸರದಿಂದ ಒಳಸೇರಿದ್ದು. ಬೆಂಕಿಯು ಆ ದೋಷವನ್ನು ಬಯಲಿಗೆಳೆಯುತ್ತದೆ, ಅಷ್ಟೆ. ಕುಲಕಸುಬಿನ ಕುಂಬಾರನು ಬಾಲ್ಯದಲ್ಲಿಯೇ ಕಲಿಯುವ ಈ ಪಾಠವನ್ನು ಹವ್ಯಾಸಕ್ಕಾಗಿ ತಿಗುರಿಯ ಮುಂದೆ ಕುಳಿತವರು ಒಡೆದ ಪಾತ್ರೆಗಳ ಲೆಕ್ಕದಲ್ಲಿ ಕಲಿಯಬೇಕಾಗುತ್ತದೆ.

ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಅಲೀಪುರವು ರತ್ನದ ಹರಳುಗಳ ವ್ಯಾಪಾರಕ್ಕೆ ಹೆಸರಾದ ಊರು. ಹರಳಿಗೂ ಹಂಡೆಯ ಮಣ್ಣಿಗೂ ಏನು ನಂಟು ಎಂದು ವಾಚಕರು ಕೇಳಬಹುದು. ನಂಟು ಬಲು ಹತ್ತಿರದ್ದು. ಮಾಣಿಕ್ಯ ಮತ್ತು ಇಂದ್ರನೀಲಗಳು ಅಲ್ಯೂಮಿನ ಎಂಬ ಪದಾರ್ಥದ ಹರಳುಗಳು. ಸ್ಫಟಿಕ ಮತ್ತು ಸಾಮಾನ್ಯ ನೇರಳೆ ಹರಳುಗಳು ಸಿಲಿಕದಿಂದಾದವು. ಈ ಅಲ್ಯೂಮಿನ ಮತ್ತು ಸಿಲಿಕಗಳೇ ನೀರಿನೊಡನೆ ರಾಸಾಯನಿಕವಾಗಿ ಬೆಸೆದುಕೊಂಡಾಗ ಜೇಡಿಮಣ್ಣು ಎನಿಸುತ್ತದೆ. ಈ ಸೀಮೆಯ ಗ್ರಾನೈಟು ಮತ್ತು ನೈಸ್ ಬಂಡೆಗಳಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜವು ಮಳೆಗಾಳಿಗಳಿಗೆ ಸಿಕ್ಕಿ, ಯುಗಯುಗಗಳ ಕಾಲ ಶಿಥಿಲವಾಗಿ ಮಣ್ಣಾಗುತ್ತದೆ. ಮಳೆಯ ನೀರು ಅದನ್ನು ಕೊಚ್ಚಿ ತಂದು ಕೆರೆಯಂಗಳದಲ್ಲಿ ನಿಲ್ಲಿಸುತ್ತದೆ. ಮರಳು ಭಾರವಾದ್ದರಿಂದ ಮೊದಲು ತಂಗುತ್ತದೆ. ನಯವಾದ ಕಣಗಳು ಕೊನೆಗೆ ತಂಗುತ್ತವೆ. ಉತ್ತರ ಪಿನಾಕಿನಿಯ ಈ ಬಯಲುಸೀಮೆಯಲ್ಲಿ ನಮ್ಮ ಹಿರಿಯರು ಕಟ್ಟಿದ ಕೆರೆಗಳು ಬೆಳೆಗೆ ನೀರು ಒದಗಿಸಿದಂತೆಯೇ ಕುಂಬಾರನಿಗೆ ಮಣ್ಣನ್ನೂ ಜಾಲಿಸಿ ಒದಗಿಸಿವೆ.

ಹವ್ಯಾಸಿಯು ಪಟ್ಟಣದ ಅಂಗಡಿಯಿಂದ ಹದಮಾಡಿದ ಮಣ್ಣನ್ನು ಕೊಂಡುತಂದರೆ ಈ ಭಾಗದ ಪಾಠವೇ ತಪ್ಪಿಹೋಗುತ್ತದೆ. ಕೆರೆಯ ಮಣ್ಣನ್ನು ತಂದವನು ಮೊದಲು ಅದನ್ನು ಒಣಗಿಸಿ, ಪುಡಿಮಾಡಿ, ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಿಳಿಯನ್ನು ಬಸಿದು, ಉಳಿದ ಕೆಸರನ್ನು ನೆರಳಿನಲ್ಲಿ ಇಂಗಿಸಬೇಕು. ಬೆರಳುಗಾತ್ರದ ಬತ್ತಿಯನ್ನು ಹೊಸೆದು ಉಂಗುರದಂತೆ ಬಗ್ಗಿಸಿದಾಗ ಅದು ಬಿರಿಯದಿದ್ದರೆ ಜಿಗುಟು ಸಾಲುತ್ತದೆ ಎಂದರ್ಥ. ಜಿಗುಟು ಅತಿಯಾದರೂ ಕೇಡು. ಅಂಥ ಮಣ್ಣು ಹೆಚ್ಚು ನೀರನ್ನು ಹೀರಿ, ಒಣಗುವಾಗ ಹೆಚ್ಚು ಕುಗ್ಗಿ ಸೀಳುತ್ತದೆ. ಆದಕಾರಣವೇ ಗ್ರಾಮದ ಕುಂಬಾರನು ನಯವಾದ ಮಣ್ಣಿಗೆ ಸಣ್ಣ ಮರಳನ್ನೋ ಬೂದಿಯನ್ನೋ ಬೆರೆಸುತ್ತಾನೆ. ಕುಗ್ಗುವಿಕೆಯನ್ನು ಅಳೆಯುವ ಉಪಾಯ ಸುಲಭವಾದದ್ದು. ಹಸಿಮಣ್ಣಿನ ಬಿಲ್ಲೆಯ ಮೇಲೆ 10 ಸೆಂಟಿಮೀಟರ್ ಗೆರೆಯನ್ನು ಕೊರೆದು, ಒಣಗಿದ ಬಳಿಕ ಒಮ್ಮೆ, ಸುಟ್ಟ ಬಳಿಕ ಇನ್ನೊಮ್ಮೆ ಅಳೆದರಾಯಿತು. ಗೆರೆಯು 9 ಸೆಂಟಿಮೀಟರಿಗೆ ಇಳಿದಿದ್ದರೆ ಆ ಮಣ್ಣು ನೂರಕ್ಕೆ ಹತ್ತರಷ್ಟು ಕುಗ್ಗಿತೆಂದು ತಿಳಿಯಬೇಕು.

ಹೊಸಬನು ಎಡವುವ ಎರಡನೆಯ ಸ್ಥಳವೆಂದರೆ ಒಣಗಿಸುವಿಕೆ. ತಿಗುರಿಯ ಮೇಲೆ ಪಾತ್ರೆ ಎದ್ದು ನಿಂತೊಡನೆ ಕೆಲಸ ಮುಗಿಯಿತೆಂಬ ಭ್ರಮೆ ಅವನಿಗೆ. ವಾಸ್ತವವಾಗಿ ಅಂಚು ಬೇಗ ಒಣಗುತ್ತದೆ, ತಳ ತಡವಾಗಿ ಒಣಗುತ್ತದೆ; ಒಣಗಿದ ಭಾಗ ಕುಗ್ಗುತ್ತದೆ, ಹಸಿಯ ಭಾಗ ಕುಗ್ಗದೆ ನಿಲ್ಲುತ್ತದೆ. ಈ ಎಳೆದಾಟದಲ್ಲಿ ಕಣ್ಣಿಗೆ ಕಾಣದ ಬಿರುಕು ಹುಟ್ಟುತ್ತದೆ. ಲೋಟಕ್ಕೆ ಹಿಡಿಯನ್ನು ಅಂಟಿಸುವಾಗ ಎರಡೂ ಒಂದೇ ಹದದಲ್ಲಿರಬೇಕೆಂಬ ನಿಯಮಕ್ಕೆ ಕಾರಣವೂ ಇದೇ. ಒದ್ದೆಯ ಬಟ್ಟೆಯನ್ನು ಹೊದಿಸಿ, ಬಿಸಿಲಿಗೂ ಗಾಳಿಗೂ ಒಡ್ಡದೆ, ದಿನಗಟ್ಟಲೆ ಕಾಯುವುದೊಂದೇ ಇದಕ್ಕೆ ಪರಿಹಾರ.

ಅನಂತರ ಬೆಂಕಿಯ ಸರದಿ. ಕೈಗೆ ಒಣಗಿದಂತೆ ತೋರುವ ಪಾತ್ರೆಯಲ್ಲಿಯೂ ನೀರಿನ ಅಂಶ ಉಳಿದೇ ಇರುತ್ತದೆ. 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಆ ನೀರು ಆವಿಯಾಗಿ ಸುಮಾರು 1,600 ಪಾಲು ಹಿಗ್ಗುತ್ತದೆ. ಹೊರಬರಲು ದಾರಿಯಿಲ್ಲದಿದ್ದರೆ ಪಾತ್ರೆಯನ್ನು ಸಿಡಿಸುತ್ತದೆ. ಮಣ್ಣಿನ ಕಣಗಳೊಡನೆ ಬೆಸೆದುಕೊಂಡಿದ್ದ ನೀರು ಹೊರಡುವುದು ಸುಮಾರು 450ರಿಂದ 600 ಡಿಗ್ರಿಗಳ ನಡುವೆ. ಇದಾದ ಮೇಲೆ ಮಣ್ಣು ಮತ್ತೆ ನೀರಿನಲ್ಲಿ ಕರಗಿ ಕೆಸರಾಗದು. ಮಣ್ಣಿನ ಹುಟ್ಟುಗುಣ ಅಲ್ಲಿಗೆ ಮುಗಿಯಿತು. 573 ಡಿಗ್ರಿಯಲ್ಲಿ ಮರಳಿನ ಸ್ಫಟಿಕ ಕಣಗಳು ಒಮ್ಮೆಲೇ ಹಿಗ್ಗುತ್ತವೆ. ಆರುವಾಗ ಅದೇ ತಾಣದಲ್ಲಿ ಒಮ್ಮೆಲೇ ಕುಗ್ಗುತ್ತವೆ. ಆವಿಗೆಯ ಬಾಯನ್ನು ಬೇಗನೆ ತೆರೆದ ಹವ್ಯಾಸಿಗೆ ‘ಟಿಣ್’ ಎಂಬ ಶಬ್ದದೊಡನೆ ಪಾತ್ರೆ ಬಿರುಕುಬಿಡುವುದು ಈ ನಿಯಮವನ್ನು ಅಥವಾ ತಣ್ಣನೆಯ ಗಾಳಿಯನ್ನು ಲೆಕ್ಕಿಸದ ಕಾರಣದಿಂದ.

ಶಾಖವನ್ನು ಅಳೆಯುವ ಬಗೆಯೂ ಸ್ವಾರಸ್ಯಕರ. ಗ್ರಾಮದ ಕುಂಬಾರನು ಜ್ವಾಲೆಯ ಬಣ್ಣವನ್ನೂ ಹೊಗೆಯ ಬಗೆಯನ್ನೂ ನೋಡಿ ಹೇಳುತ್ತಾನೆ. ಜರ್ಮನಿಯ ಹರ್ಮನ್ ಸೇಗರ್ ಎಂಬ ವಿಜ್ಞಾನಿಯು 1886ರಲ್ಲಿ ಗೊತ್ತಾದ ಶಾಖಕ್ಕೆ ಬಾಗುವ ಪುಟ್ಟ ಶಂಕುಗಳನ್ನು ಪ್ರಕಟಪಡಿಸಿದನು. ಇಂದಿನ ವಿದ್ಯುತ್ ಆವಿಗೆಗಳಲ್ಲಿಯೂ ಅಂಥ ಶಂಕುಗಳ ಬಳಕೆಯಿದೆ. ಮಾಪಕವು ಶಾಖದ ಅಂಕಿಯನ್ನಷ್ಟೆ ಹೇಳುತ್ತದೆ. ಶಂಕುವಾದರೋ ಶಾಖ ಮತ್ತು ಕಾಲ ಎರಡೂ ಕೂಡಿ ಮಾಡಿದ ಪಾಕವನ್ನು ಹೇಳುತ್ತದೆ.

ಬೆಂಕಿಗೆ ಗಾಳಿ ಎಷ್ಟು ಸಿಕ್ಕಿತೆಂಬುದು ಬಣ್ಣವನ್ನು ನಿರ್ಧರಿಸುತ್ತದೆ. ನಮ್ಮ ಮಣ್ಣಿನಲ್ಲಿರುವ ಕಬ್ಬಿಣವು ಗಾಳಿ ಸಮೃದ್ಧವಾದರೆ ಕೆಂಪಾಗುತ್ತದೆ. ಹೊಗೆ ಕವಿದರೆ ಮಣ್ಣು ಕಪ್ಪಾಗುತ್ತದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ನಡೆಸಿದ ಉತ್ಖನನದಲ್ಲಿ ಬೃಹತ್ ಶಿಲಾ ಸಂಸ್ಕೃತಿಯ ಕಪ್ಪು-ಕೆಂಪು ಪಾತ್ರೆಗಳು ದೊರೆತವು. ಒಳಗು ಮತ್ತು ಅಂಚು ಕಪ್ಪು, ಹೊರಮೈ ಕೆಂಪು. ಪಾತ್ರೆಯನ್ನು ಬೋರಲಾಗಿಟ್ಟು ಸುಟ್ಟು, ಒಳಗೆ ಗಾಳಿಯಾಡದಂತೆ ಮಾಡಿದ್ದರಿಂದ ಈ ಇಬ್ಬಣ್ಣ ಬಂದಿತೆಂಬುದು ವಿದ್ವಾಂಸರು ಸಾಮಾನ್ಯವಾಗಿ ಕೊಡುವ ವಿವರಣೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಈ ನಾಡಿನ ಕುಂಬಾರರು ಬೆಂಕಿಯ ಉಸಿರನ್ನು ಅರಿತಿದ್ದರು.

ಇನ್ನು ಮೆರುಗಿನ ವಿಚಾರ. ಮೆರುಗೆಂದರೆ ಪಾತ್ರೆಯ ಮೈಗೆ ಅಂಟಿ ಕರಗಿದ ಗಾಜು. ಗಾಜಿನ ಮೂಲವಾದ ಸಿಲಿಕವು ತಾನಾಗಿ ಕರಗಬೇಕಾದರೆ 1,700 ಡಿಗ್ರಿಗೂ ಮಿಕ್ಕ ಶಾಖ ಬೇಕು. ಅದನ್ನು ಕೆಳಗಿನ ಶಾಖದಲ್ಲಿ ಕರಗಿಸಲು ಸೋಡ, ಪೊಟ್ಯಾಷ್, ಸುಣ್ಣ ಮೊದಲಾದ ದ್ರಾವಕಗಳನ್ನು ಕೂಡಿಸುತ್ತಾರೆ; ಕರಗಿದ್ದು ಹರಿದು ಇಳಿಯದಂತೆ ಅಲ್ಯೂಮಿನವು ಹಿಡಿದುಕೊಳ್ಳುತ್ತದೆ. ತಾಮ್ರ ಹಸಿರನ್ನೂ ಕೋಬಾಲ್ಟ್ ನೀಲಿಯನ್ನೂ ಕೊಡುತ್ತವೆ. ಗಾಳಿ ಕಡಿಮೆಯಾದ ಬೆಂಕಿಯಲ್ಲಿ ಅದೇ ತಾಮ್ರ ಕೆಂಪನ್ನು ಕೊಡಬಲ್ಲದು. ಆರುವಾಗ ಮೆರುಗು ಮಣ್ಣಿಗಿಂತ ಹೆಚ್ಚು ಕುಗ್ಗಿದರೆ ಅದರ ಮೇಲೆ ಜೇಡರ ಬಲೆಯಂಥ ಬಿರುಕುಗಳು ಮೂಡುತ್ತವೆ. ಮೈಗೆ ಧೂಳೋ ಎಣ್ಣೆಯ ಕೈಯೋ ತಾಗಿದ್ದರೆ ಮೆರುಗು ಅಲ್ಲಲ್ಲಿ ಸರಿದು ಬರಿಮೈ ಕಾಣುತ್ತದೆ.

ಇಲ್ಲೊಂದು ಎಚ್ಚರಿಕೆಯ ಮಾತು ಅವಶ್ಯಕ. ಕಡಮೆ ಶಾಖದಲ್ಲಿ ಥಳಥಳಿಸುವ ಮೆರುಗನ್ನು ಕೊಡುವ ವಸ್ತು ಸೀಸ. ಹಲವು ದೇಶಗಳಲ್ಲಿ ಶತಮಾನಗಳ ಕಾಲ ಅದನ್ನು ಬಳಸಿದರು. ಆದರೆ ಹುಣಸೆಯ ಹುಳಿ, ಮೊಸರು, ಉಪ್ಪಿನಕಾಯಿಗಳು ಅಂಥ ಮೆರುಗಿನಿಂದ ಸೀಸವನ್ನು ಕರಗಿಸಿಕೊಳ್ಳಬಲ್ಲವು. ಅದು ದೇಹವನ್ನು ಸೇರಿ, ವಿಶೇಷವಾಗಿ ಎಳೆಯ ಮಕ್ಕಳ ಮಿದುಳಿಗೆ ಹಾನಿಮಾಡುತ್ತದೆ. ಊಟದ ಪಾತ್ರೆಗೆ ಸೀಸದ ಮೆರುಗು ಸಲ್ಲದು. ಬಿಳಿಗಾರದಿಂದ ದೊರೆಯುವ ಬೋರಾನನ್ನು ಮೊದಲು ಗಾಜಾಗಿ ಕರಗಿಸಿ, ಪುಡಿಮಾಡಿ ಬಳಸುವ ಕ್ರಮವು ಇಂದು ರೂಢಿಯಲ್ಲಿದೆ. ಮೆರುಗಿನ ಒಣಪುಡಿಯ ಸಿಲಿಕವೂ ಶ್ವಾಸಕೋಶಕ್ಕೆ ಕೇಡು. ಅದನ್ನು ಕಲಸುವಾಗ ತಕ್ಕ ಮುಖಗವಸು ಇರಬೇಕು, ನೆಲವನ್ನು ಗುಡಿಸದೆ ಒದ್ದೆಬಟ್ಟೆಯಿಂದ ಒರೆಸಬೇಕು.

ನಮ್ಮ ಗ್ರಾಮದ ಮಡಕೆಗೆ ಮೆರುಗಿಲ್ಲವೆಂಬುದು ಅದರ ಕೊರತೆಯಲ್ಲ. ಅದರ ಸೂಕ್ಷ್ಮರಂಧ್ರಗಳಿಂದ ಜಿನುಗುವ ನೀರು ಆವಿಯಾಗುವಾಗ ಒಂದೊಂದು ಗ್ರಾಮಿಗೆ ಸುಮಾರು 580 ಕ್ಯಾಲೊರಿ ಶಾಖವನ್ನು ಕೊಂಡೊಯ್ಯುತ್ತದೆ. ಒಳಗಿನ ನೀರು ತಣ್ಣಗಾಗುತ್ತದೆ. ಅದಕ್ಕೆ ಮೆರುಗನ್ನು ಬಳಿದರೆ ಈ ಗುಣವೇ ನಾಶವಾಗುತ್ತದೆ. ಯಾವ ಮಣ್ಣು ಯಾವ ಕೆಲಸಕ್ಕೆ ಎಂಬ ವಿವೇಕ ಮೊದಲು, ಅಲಂಕಾರ ಅನಂತರ.

ಭಾರತದಲ್ಲಿ ಕುಂಬಾರಿಕೆಯು ಕುಲದ ಹೊರಗಿನವರ ಕೈಗೂ ಬಂದದ್ದಕ್ಕೆ ಕೆಲವು ನೆಲೆಗಳು ಕಾರಣವಾದವು. ಜಪಾನಿನಲ್ಲಿ ಕಲಿತುಬಂದ ಗುರುಚರಣ್ ಸಿಂಗ್ ಅವರು 1952ರಲ್ಲಿ ಡೆಲ್ಲಿ ಬ್ಲೂ ಪಾಟರಿಯನ್ನು ಸ್ಥಾಪಿಸಿದರು. 1971ರಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಅವರು ಪುದುಚೇರಿಯಲ್ಲಿ ಗೋಲ್ಡನ್ ಬ್ರಿಜ್ ಪಾಟರಿಯನ್ನು ಆರಂಭಿಸಿದರು. ಕರ್ನಾಟಕದಲ್ಲಿಯೇ, ಮಣ್ಣಿಗೆ ಹೆಸರಾದ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಆಶ್ರಯದಲ್ಲಿ ಗ್ರಾಮೀಣ ಕುಂಬಾರಿಕೆಯ ತರಬೇತಿ ನಡೆದುಬಂದಿದೆ. ಹೀಗೆ ಹವ್ಯಾಸಿಗಳು ಹೆಚ್ಚಿದರು. ಆದರೆ ಅದೇ ಕಾಲದಲ್ಲಿ ಅಲ್ಯೂಮಿನಿಯಂ, ಉಕ್ಕು, ಪ್ಲಾಸ್ಟಿಕ್ಕುಗಳ ಮುಂದೆ ಹಳ್ಳಿಯ ತಿಗುರಿಗಳು ಒಂದೊಂದಾಗಿ ನಿಂತವು. ಪುಸ್ತಕದಲ್ಲಿ ದೊರೆಯುವ ಮೆರುಗಿನ ಪಾಕಕ್ಕೆ ಅಳಿವಿಲ್ಲ. ಯಾವ ಕೆರೆಯ ಯಾವ ಮೂಲೆಯ ಮಣ್ಣಿಗೆ ಎಷ್ಟು ಮರಳು ಬೇಕೆಂಬ ಅರಿವಾದರೋ ಬರೆದಿಟ್ಟದ್ದಲ್ಲ. ಅದನ್ನು ಬಲ್ಲ ಕೈಗಳೊಡನೆ ಅದೂ ಹೋಗುತ್ತದೆ. ಆದ್ದರಿಂದ ಹವ್ಯಾಸಿಯು ತನ್ನ ಊರಿನ ಸಮೀಪದ ಹಿರಿಯ ಕುಂಬಾರನ ಬಳಿ ಕುಳಿತು, ಕೇಳಿ, ಕಲಿತು, ಕಲಿತದ್ದನ್ನು ಬರೆದಿಟ್ಟರೆ ಅದು ಬರಿಯ ವಿನೋದವಾಗದೆ ವಿದ್ಯಾರಕ್ಷಣೆಯಾಗುತ್ತದೆ. ಶಾಲೆಗಳೂ ಮಕ್ಕಳನ್ನು ವರ್ಷಕ್ಕೊಮ್ಮೆಯಾದರೂ ಆವಿಗೆಯ ಬಳಿಗೆ ಕರೆದೊಯ್ಯಬಹುದು.

ಸುಟ್ಟ ಗಡಿಗೆಯನ್ನು ಕುಂಬಾರನು ಕೊನೆಯದಾಗಿ ಬೆರಳಿನಿಂದ ಬಡಿದು ಕೇಳುತ್ತಾನೆ. ಚೆನ್ನಾಗಿ ಬೆಂದು ಬಿರುಕಿಲ್ಲದ್ದು ನಿಚ್ಚಳವಾಗಿ ದನಿಗೊಡುತ್ತದೆ. ಒಡಕಿನದು ಮೊದ್ದಾಗಿ ನುಡಿಯುತ್ತದೆ. ಹರಿಹರನ ರಗಳೆಯಲ್ಲಿ ಕುಂಬಾರ ಗುಂಡಯ್ಯನು ಗಡಿಗೆಯನ್ನು ಬಾರಿಸಿ ಶಿವನನ್ನು ಕುಣಿಸಿದ ಕಥೆಯಿದೆ. ಆ ನಾದಕ್ಕೆ ಭಕ್ತಿಯು ಕಾರಣವೆಂಬುದು ನಿಜ. ಗಡಿಗೆಯು ಹಸನಾಗಿ ಬೆಂದಿರಬೇಕೆಂಬುದೂ ಅಷ್ಟೇ ನಿಜ. ಕೆರೆಯಂಗಳದಲ್ಲಿ ಮಣ್ಣನ್ನು ಆರಿಸಿದಂದಿನಿಂದ ತೋರಿದ ತಾಳ್ಮೆಯೇ ಆ ದನಿಯಲ್ಲಿ ಕೇಳಿಬರುತ್ತದೆ.