ನಿಮಗಿದು ಗೊತ್ತೆ? ಹುಲ್ಲು ಮೇಯ್ದ ಮರಿ, ಕಾಳು ತಿಂದ ಮರಿ

ಆಗತಾನೆ ಹುಟ್ಟಿದ ಕುರಿಮರಿಗೆ ಹುಲ್ಲೂ ಅರಗದು, ಕಾಳೂ ಅರಗದು. ಮೇವನ್ನು ಹುದುಗಿಸುವ ದೊಡ್ಡ ಹೊಟ್ಟೆ ಆಗಿನ್ನೂ ಬೆಳೆದಿರುವುದಿಲ್ಲ. ಕುಡಿದ ಹಾಲು ಅದನ್ನು ಬಿಟ್ಟು ನೇರವಾಗಿ ಹೊಟ್ಟೆಯ ನಾಲ್ಕನೇ ಕೋಣೆಗೆ ಇಳಿಯುತ್ತದೆ.

● ದೊಡ್ಡ ಹೊಟ್ಟೆ ಬೆಳೆಯಲು ಹುಲ್ಲು, ಕಾಳು ಎರಡೂ ನೆರವಾಗುತ್ತವೆ. ಕಾಳು ಹುದುಗಿದಾಗ ಹುಟ್ಟುವ ಆಮ್ಲಗಳು ಒಳಗೋಡೆಯ ಪುಟ್ಟ ಕುಚ್ಚುಗಳನ್ನು ಬೆಳೆಸುತ್ತವೆ. ಹುಲ್ಲಿನ ನಾರು ಹೊಟ್ಟೆಯನ್ನು ಹಿಗ್ಗಿಸಿ, ಸ್ನಾಯುಗಳಿಗೆ ಬಲ ಕೊಡುತ್ತದೆ.

● ಮುಸುಕಿನ ಜೋಳದಂಥ ಕಾಳು ತಿಂದ ಮರಿ ಬೇಗ ತೂಕಕ್ಕೆ ಬರುತ್ತದೆ. ಆದರೆ ಒಮ್ಮೆಲೇ ಹೆಚ್ಚು ತಿಂದರೆ ಹೊಟ್ಟೆಯಲ್ಲಿ ಹುಳಿ ಏರಿ ಪ್ರಾಣಕ್ಕೇ ಕುತ್ತು. ಹೀಗೆ ತಿಂದಾಗ ಕಾಡುವ ಕರುಳುಬೇನೆಯಂತೂ ದಷ್ಟಪುಷ್ಟ ಮರಿಯನ್ನೇ ಹಠಾತ್ತನೆ ಬಲಿ ಪಡೆಯುತ್ತದೆ. ಇದಕ್ಕೆ ಲಸಿಕೆ ಇದೆ.

● ಕಾಳಿನಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಗಂಡು ಮರಿಗಳ ಮೂತ್ರನಾಳದಲ್ಲಿ ಕಲ್ಲು ಕಟ್ಟಲು ಇದೂ ಕಾರಣ. ಮೇವಿನಲ್ಲಿ ಕ್ಯಾಲ್ಸಿಯಂ ರಂಜಕದ ಎರಡರಷ್ಟಿದ್ದರೆ ಕ್ಷೇಮ.

● ನ್ಯೂಜಿಲೆಂಡ್‌ನಲ್ಲಿ ಬಹುತೇಕ ಮರಿಗಳು ರೈಗ್ರಾಸ್, ಕ್ಲೋವರ್ ಮೇಯ್ದೇ ಬೆಳೆಯುತ್ತವೆ. ಕಾಳು ತಿಂದವುಗಳಿಗಿಂತ ಹುಲ್ಲು ಮೇಯ್ದ ಮರಿಗಳ ಮಾಂಸದಲ್ಲಿ ಒಮೆಗಾ-3 ಹೆಚ್ಚು, ವಾಸನೆಯೂ ಗಾಢ.

● ಬಯಲಿನಲ್ಲಿ ಮೇಯುವ ಮರಿಗೆ ಜಂತುಹುಳುವಿನ ಕಾಟ. ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ನೋಡಿ: ಒಳಭಾಗ ಕೆಂಪಗಿದ್ದರೆ ಸರಿ, ಬಿಳಿಚಿಕೊಂಡಿದ್ದರೆ ಹುಳು ರಕ್ತ ಹೀರುತ್ತಿರಬಹುದು. ಕೂಡಲೇ ಪಶುವೈದ್ಯರಿಗೆ ತೋರಿಸಿ.

● ಮಳೆಗಾಲದಲ್ಲಿ ಹಸಿರು ಸಿಕ್ಕಷ್ಟೂ ಮೇಯಿಸಿ, ಬೇಸಿಗೆಯಲ್ಲಿ ಕೈತಿಂಡಿ ಕೊಡುವುದು ನಮ್ಮ ಬಯಲುಸೀಮೆಗೆ ಒಗ್ಗುವ ದಾರಿ. ಕಾಳನ್ನು ಮಾತ್ರ ಎರಡು-ಮೂರು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿಯೇ ಏರಿಸಬೇಕು, ಜತೆಗೆ ಒಣಮೇವು ತಪ್ಪಬಾರದು.