ಚಿಂದಿಯಲ್ಲಿ ಮೂಡುವ ಎಂಟು ಮೊನೆಯ ಚುಕ್ಕಿ

ದಸರೆಗೆ ಹದಿನೈದು ದಿನ ಇರುವಾಗ ಸಿಕಂದರಾಬಾದಿನ ಜನರಲ್ ಬಜಾರಿನ ಸುತ್ತಮುತ್ತ ರವಿಕೆ ಹೊಲಿಯುವ ಟೇಲರುಗಳಿಗೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಮಿಷನ್ನಿನ ಪಕ್ಕದ ಗೋಣಿಚೀಲ ದಿನದಿನಕ್ಕೆ ಉಬ್ಬುತ್ತಾ ಹೋಗುತ್ತದೆ. ತೋಳಿನ ಸುತ್ತು ಕತ್ತರಿಸಿದಾಗ ಉಳಿದ ಅರ್ಧಚಂದ್ರ, ಕುತ್ತಿಗೆಯಿಂದ ಬಿದ್ದ ಚೂರು, ಲೈನಿಂಗ್ ಬಟ್ಟೆಯ ಪಟ್ಟಿ, ನಾರಾಯಣಪೇಟೆ ಬ್ಲೌಸ್ ಪೀಸಿನ ಅಂಗೈಯಗಲದ ತುಂಡು, ಎಲ್ಲ ಅದರೊಳಗೆ. ಎಂಟು ಇಂಚಿನ ಒಂದು ಚುಕ್ಕಿ ಹೊಲಿಯಲು ಬೇಕಾಗುವ ಅತಿ ದೊಡ್ಡ ತುಂಡು ಐದೂಕಾಲು ಇಂಚಿನ ಒಂದು ಚೌಕ ಮಾತ್ರ. ಅಂದರೆ ಹಬ್ಬದ ಉಡುಗೊರೆಗೆ ಬೇಕಾದ ಸಾಮಾನು ಆ ಚೀಲದಲ್ಲೇ ಕೂತಿದೆ.

ಉತ್ತರ ಕರ್ನಾಟಕದ ಮಾತಿನಲ್ಲಿ ಚುಕ್ಕಿ ಎಂದರೆ ನಕ್ಷತ್ರ. ಆ ಮಾತು ಹೈದರಾಬಾದಿಗೆ ಹೊಸದಲ್ಲ. 1956ರ ನವೆಂಬರ್ 1ರವರೆಗೆ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಓದಿಗೆಂದು, ನೌಕರಿಗೆಂದು ಅಲ್ಲಿಂದ ಬಂದವರಿಗೆ ಇದೇ ರಾಜಧಾನಿ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಇವು ಆ ನಂಟಿನ ಎದ್ದು ಕಾಣುವ ಗುರುತುಗಳು. ಕಣ್ಣಿಗೆ ಬೀಳದ ಗುರುತು ಮನೆಯೊಳಗಿನ ಹಾಸಿಗೆ ಸುರುಳಿಯಲ್ಲಿತ್ತು: ಕೌದಿ.

ಕೌದಿಯ ಬಗೆಗೆ ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಮೆತ್ತಗಾದ ಹಳೆಯ ಇಳಕಲ್ ಸೀರೆ, ಧೋತರ, ಮಕ್ಕಳ ಲಂಗ, ಅಂಗಿ ಎಲ್ಲವನ್ನೂ ಪದರ ಪದರವಾಗಿ ನೆಲದ ಮೇಲೆ ಹಾಸಿ, ಸುಕ್ಕು ಬಿಡಿಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ದಪ್ಪ ಸೂಜಿಯಲ್ಲಿ ಸಾಲು ಸಾಲಾಗಿ ಹೊಲಿಯುವುದು ಕೌದಿಯ ಕ್ರಮ. ತೆಲಂಗಾಣದವರು ಇಂಥದ್ದನ್ನೇ ಬೊಂತ ಎನ್ನುತ್ತಾರೆ, ಮರಾಠಿಯವರು ಗೋಧಡಿ. ಅಜ್ಜಿಯ ಸೀರೆ ಮೊಮ್ಮಗುವಿನ ಹೊದಿಕೆಯಾಗುವುದು ಹೀಗೆ. ಇದರಲ್ಲಿ ಅಳತೆಪಟ್ಟಿಗೆ ಕೆಲಸ ಕಡಿಮೆ. ತುಂಡು ಚಿಕ್ಕದಾದರೆ ಪಕ್ಕಕ್ಕೆ ಇನ್ನೊಂದು, ದೊಡ್ಡದಾದರೆ ಅಂಚು ಮಡಚಿ ಒಳಗೆ. ಕಣ್ಣಳತೆಯೇ ಇಲ್ಲಿಯ ಗಜಕಡ್ಡಿ.

ಈ ಕಣ್ಣಳತೆಯ ಕಲೆ ಅತ್ಯಂತ ಚೆಲುವಾಗಿ ಅರಳಿರುವುದು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಹೆಂಗಸರ ಕೈಯಲ್ಲಿ. ಆಫ್ರಿಕಾ ಮೂಲದ ಈ ಸಮುದಾಯದ ಕೌದಿಗಳನ್ನು ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ವರ್ಷಗಟ್ಟಲೆ ಅಧ್ಯಯನ ಮಾಡಿದರು. ಅವು ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಸಿದ್ದಿ ಹೆಂಗಸು ಒಂದು ಮೂಲೆಯಿಂದ ಆರಂಭಿಸಿ, ಅಂಚಿನುದ್ದಕ್ಕೂ ಸುತ್ತು ಹಾಕುತ್ತಾ, ಕೊನೆಗೆ ನಡುವಿಗೆ ಬಂದು ಸೇರುತ್ತಾಳೆ. ಮುಗಿದ ಮೇಲೆ ನಾಲ್ಕು ಮೂಲೆಗಳಿಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ‘ಫೂಲ’ ಇಡುತ್ತಾಳೆ. ಫೂಲ ಇಲ್ಲದ ಕೌದಿ ಬರಿಮೈಯಲ್ಲಿದ್ದಂತೆ ಎಂಬುದು ಅವರ ಭಾವನೆ. ಹೈದರಾಬಾದಿಗೂ ಸಿದ್ದಿಗಳಿಗೂ ಸಂಬಂಧ ಉಂಟು. ಮಾಸಬ್ ಟ್ಯಾಂಕ್ ಪಕ್ಕದ ಎ.ಸಿ. ಗಾರ್ಡ್ಸ್ ಬಡಾವಣೆಯ ಹೆಸರಲ್ಲಿರುವ ಎರಡಕ್ಷರ ನಿಜಾಮರ ‘ಆಫ್ರಿಕನ್ ಕ್ಯಾವಲ್ರಿ’ಯದು. ಇಲ್ಲಿನವರ ಹೆಸರು ಮರ್ಫಾ ವಾದ್ಯದ ಜೊತೆ ಬೆಸೆದುಕೊಂಡಿದೆ, ಕೌದಿಯ ಹೆಸರು ಪಶ್ಚಿಮ ಘಟ್ಟದ ಬಂಧುಗಳ ಪಾಲಿಗೆ ಉಳಿಯಿತು.

ಕೌದಿ ಬಲ್ಲ ಕೈ ಚುಕ್ಕಿ ಹೊಲಿಯಲು ಕೂತಾಗ ಮೊದಲು ಎಡವುವುದು ಅಳತೆಯಲ್ಲಿ. ಕೌದಿ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ, ಚುಕ್ಕಿ ಅದನ್ನು ಊರಿಗೆಲ್ಲ ತೋರಿಸುತ್ತದೆ.

ಆದರೆ ಚುಕ್ಕಿಯ ಲೆಕ್ಕವೂ ನಮ್ಮದೇ ನೆಲದ್ದು. ಒಂದು ಚೌಕದ ಮೇಲೆ ಅದೇ ಅಳತೆಯ ಇನ್ನೊಂದು ಚೌಕವನ್ನು ಓರೆಯಾಗಿ ತಿರುಗಿಸಿ ಇಟ್ಟರೆ ಎಂಟು ಮೊನೆ ಹೊರಬರುತ್ತವೆ. ಹೊಯ್ಸಳ ಶಿಲ್ಪಿಗಳು ಹೀಗೆ ಚೌಕಗಳನ್ನು ತಿರುಗಿಸಿಯೇ ಗುಡಿಯ ಗೋಡೆಗೆ ನಕ್ಷತ್ರದ ಅಂಚು ತಂದರು. ತೆಲಂಗಾಣದ ಪಾಲಂಪೇಟೆಯಲ್ಲಿ, 1213ರ ರಾಮಪ್ಪ ಗುಡಿ ನಿಂತಿರುವುದು ನಕ್ಷತ್ರಾಕಾರದ ಜಗತಿಯ ಮೇಲೆ. ಯುನೆಸ್ಕೋ 2021ರಲ್ಲಿ ಅದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಹೈದರಾಬಾದಿನೊಳಗೇ ಪಾಯ್ಗಾ ಸಮಾಧಿಗಳ ಜಾಲಂಧ್ರಗಳ ಮುಂದೆ ಅರ್ಧ ತಾಸು ನಿಂತರೆ, ಒಂದೇ ಆಕೃತಿ ತಿರುತಿರುಗಿ ಹೇಗೆ ಗೋಡೆ ತುಂಬುತ್ತದೆಂದು ಕಣ್ಣಿಗೆ ಕಾಣುತ್ತದೆ. ಅಂಗಳದ ರಂಗೋಲಿ ಹಾಕುವವರಿಗಂತೂ ಇದನ್ನು ಹೇಳಿಕೊಡಬೇಕಾಗಿಲ್ಲ.

ಕಲಿಯುವವರಿಗೆ ಎಲ್ಲಕ್ಕಿಂತ ಒಳ್ಳೆಯದು ಅಮೆರಿಕದಲ್ಲಿ ‘ಸಾಟೂತ್ ಸ್ಟಾರ್’ ಎನ್ನುವ, ಅಂದರೆ ಗರಗಸದ ಹಲ್ಲಿನ ಚುಕ್ಕಿ. ನಡುವೆ ಒಂದು ಚೌಕ, ನಾಲ್ಕು ಮೂಲೆಗೆ ನಾಲ್ಕು ಚಿಕ್ಕ ಚೌಕ, ನಾಲ್ಕು ಬದಿಗೆ ಎರಡೆರಡು ಹಲ್ಲುಳ್ಳ ನಾಲ್ಕು ಆಯತ. ಹೊಲಿದು ಮುಗಿದಾಗ ಎಂಟು ಇಂಚು ಬರಬೇಕಾದರೆ ನಡುವಿನ ಚೌಕ ನಾಲ್ಕೂವರೆ ಇಂಚು, ಮೂಲೆಯವು ಎರಡೂವರೆ ಇಂಚು. ಹಲ್ಲಿನ ಆಯತಗಳಿಗೆ ನೆಲದ ಬಣ್ಣದ ಐದೂಕಾಲು ಇಂಚಿನ ಒಂದು ಚೌಕವನ್ನೂ, ಚುಕ್ಕಿಯ ಬಣ್ಣದ, ಮೂರು ಇಂಚಿಗೆ ಎಂಟರಲ್ಲೊಂದು ಅಂಶ ಕಡಿಮೆಯಿರುವ ನಾಲ್ಕು ಚೌಕಗಳನ್ನೂ ಕತ್ತರಿಸಬೇಕು.

ಮುಂದಿನದು ನೋಡಲು ಖುಷಿಯ ಕೆಲಸ. ದೊಡ್ಡ ಚೌಕದ ಎದುರುಬದುರು ಮೂಲೆಗಳಲ್ಲಿ ಎರಡು ಚಿಕ್ಕ ಚೌಕಗಳನ್ನು ಮುಖಕ್ಕೆ ಮುಖ ಮಾಡಿ ಇಟ್ಟರೆ ನಡುವೆ ಅವು ಒಂದರ ಮೇಲೊಂದು ಚೂರು ಏರುತ್ತವೆ. ಮೂಲೆಯಿಂದ ಮೂಲೆಗೆ ಪೆನ್ಸಿಲಿನ ಗೆರೆ. ಗೆರೆಯ ಎರಡೂ ಕಡೆ ಕಾಲಿಂಚು ದೂರದಲ್ಲಿ ಒಂದೊಂದು ಹೊಲಿಗೆ. ಗೆರೆಯ ಮೇಲೆ ಕತ್ತರಿ ಓಡಿಸಿ, ಚಿಕ್ಕ ತ್ರಿಕೋನಗಳನ್ನು ಬಿಡಿಸಿ ಇಸ್ತ್ರಿ ಒತ್ತಿದರೆ ಕೈಯಲ್ಲಿ ಎರಡು ಹೃದಯದಾಕಾರದ ತುಂಡು. ಪ್ರತಿ ಹೃದಯದ ಖಾಲಿ ಮೂಲೆಗೆ ಉಳಿದ ಒಂದೊಂದು ಚೌಕ ಇಟ್ಟು, ಆ ಮೂಲೆಯಿಂದ ಹೃದಯದ ಸೀಳಿನ ಕಡೆಗೆ ಗೆರೆ ಎಳೆದು, ಮತ್ತೆ ಎರಡು ಕಡೆ ಹೊಲಿದು, ಕತ್ತರಿಸಿ ಬಿಡಿಸಿದರೆ ನಾಲ್ಕು ಆಯತ ಒಮ್ಮೆಗೇ ಸಿದ್ಧ. ಸಾಲುಗಟ್ಟಿ ವಲಸೆ ಹೋಗುವ ಹಕ್ಕಿಗಳ ನೆನಪಿಗೆ ಅಮೆರಿಕದ ಹೊಲಿಗೆಯವರು ಈ ಆಯತಕ್ಕೆ ‘ಹಾರುವ ಹೆಬ್ಬಾತು’ ಎಂದು ಹೆಸರಿಟ್ಟಿದ್ದಾರೆ. ಒಂದು ತ್ರಿಕೋನವನ್ನೂ ಬಿಡಿಯಾಗಿ ಕತ್ತರಿಸದೆ ತ್ರಿಕೋನ ಬರುವುದೇ ಇದರ ಜಾಣತನ. ಕಾರಣ ನೇಯ್ಗೆಯಲ್ಲಿದೆ. ಬಟ್ಟೆ ಹಾಸಿನ ನೂಲಿನುದ್ದಕ್ಕೂ ಹೊಕ್ಕಿನ ನೂಲಿನುದ್ದಕ್ಕೂ ಹೆಚ್ಚು ಹಿಗ್ಗುವುದಿಲ್ಲ. ಕ್ರಾಸಿನಲ್ಲಿ, ಹೈದರಾಬಾದಿನ ದರ್ಜಿಗಳ ಮಾತಿನಲ್ಲಿ ಉರೇಬಿನಲ್ಲಿ, ರಬ್ಬರಿನಂತೆ ಜಗ್ಗುತ್ತದೆ. ತ್ರಿಕೋನವನ್ನು ಮೊದಲೇ ಕತ್ತರಿಸಿದರೆ ಆ ಜಗ್ಗುವ ಅಂಚು ಬೆರಳಿಗೆ ಸಿಕ್ಕಿ ಸೊಟ್ಟಗಾಗುತ್ತದೆ. ಮೊದಲು ಹೊಲಿದು ಆಮೇಲೆ ಕತ್ತರಿಸಿದರೆ ದಾರವೇ ಅದನ್ನು ಹಿಡಿದಿಡುತ್ತದೆ.

ಕಾಲಿಂಚಿನ ಮಾರ್ಜಿನ್ ಬಗ್ಗೆ ಮಾತ್ರ ಯಾವ ರಿಯಾಯಿತಿಯೂ ಕೂಡದು. ರವಿಕೆ ಹೊಲಿಯುವವರು ಬದಿಯಲ್ಲಿ ಧಾರಾಳವಾಗಿ ಬಟ್ಟೆ ಬಿಡುತ್ತಾರೆ, ಮುಂದೆ ಬಿಚ್ಚಿ ಸಡಿಲ ಮಾಡಲಿಕ್ಕೆ. ಆ ಅಭ್ಯಾಸ ಇಲ್ಲಿ ಕೆಲಸ ಕೆಡಿಸುತ್ತದೆ. ಒಂಬತ್ತು ತುಂಡುಗಳನ್ನು ಮೂರು ಸಾಲಾಗಿ ಕೂಡಿಸುವ ಈ ಚುಕ್ಕಿಯ ಒಂದು ಸಾಲಿನಲ್ಲಿ ಮೂರು ತುಂಡು, ಎರಡು ಹೊಲಿಗೆ, ಒಳಗೆ ಸೇರಿಹೋಗುವ ಮಾರ್ಜಿನ್ ನಾಲ್ಕು. ಪ್ರತಿಯೊಂದರಲ್ಲೂ ಇಂಚಿನ ಹದಿನಾರರಲ್ಲೊಂದು ಅಂಶ ಹೆಚ್ಚು ಹೋದರೆ ಸಾಲು ಕಾಲಿಂಚು ಕುಗ್ಗುತ್ತದೆ. ಆರು ಚುಕ್ಕಿಗಳನ್ನು ಕೂಡಿಸಿ ಮೇಜಿಗೆ ಉದ್ದನೆಯ ಹಾಸು ಮಾಡುವವರಿಗೆ ಅದು ಒಂದೂವರೆ ಇಂಚು. ಇನ್ನೂ ಬೇಸರದ ಸಂಗತಿ ಮೊನೆಯದು: ಅದು ಅಂಚಿನಿಂದ ಸರಿಯಾಗಿ ಕಾಲಿಂಚು ಒಳಗಿರಬೇಕು. ಇಲ್ಲವಾದರೆ ಪಕ್ಕದ ಹೊಲಿಗೆ ಅದನ್ನು ನುಂಗಿ ಮೊನೆ ಮೊಂಡಾಗುತ್ತದೆ. ಉಪಾಯ ಸುಲಭ. ಸೂಜಿಯಿಂದ ಬಲಕ್ಕೆ ಕಾಲಿಂಚು ಅಳೆದು ಮಿಷನ್ನಿನ ತಟ್ಟೆಯ ಮೇಲೆ ಗಾಯಕ್ಕೆ ಹಚ್ಚುವ ಪ್ಲಾಸ್ಟರಿನ ಪಟ್ಟಿಯನ್ನು ಎರಡು ಮೂರು ಪದರ ಅಂಟಿಸಿದರೆ ಬಟ್ಟೆ ಅದಕ್ಕೆ ಒರಗಿಕೊಂಡು ನೆಟ್ಟಗೆ ಸಾಗುತ್ತದೆ. ಇಸ್ತ್ರಿಯನ್ನೂ ಜಾರಿಸಬಾರದು, ಎತ್ತಿ ಒತ್ತಬೇಕು.

ಎಂಟು ವಜ್ರಾಕಾರದ ತುಂಡುಗಳು ನಡುವೆ ಒಂದೇ ಬಿಂದುವಿಗೆ ಬಂದು ಸೇರುವ ಚುಕ್ಕಿಯೂ ಒಂದಿದೆ. ನೋಡಲು ಬಲು ಅಂದ, ಹೊಲಿಯಲು ಬಲು ಕಷ್ಟ. ಪ್ರತಿ ತುಂಡಿನ ಮೊನೆ 45 ಡಿಗ್ರಿ. ಎಂಟು ಕೂಡಿದರೆ 360. ಒಂದೊಂದೂ ಒಂದೇ ಡಿಗ್ರಿ ಕಡಿಮೆಯಾದರೆ ಒಟ್ಟು ಎಂಟು ಡಿಗ್ರಿ ಕೊರೆಯಾಗಿ ಚುಕ್ಕಿ ಬಟ್ಟಲಿನಂತೆ ಮೇಲೇಳುತ್ತದೆ, ಹೆಚ್ಚಾದರೆ ಅಂಚು ಹಪ್ಪಳದಂತೆ ಅಲೆಯಾಡುತ್ತದೆ. ಅದನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳುವುದು ಲೇಸು.

ಬಟ್ಟೆಯ ಆಯ್ಕೆಯಲ್ಲಿ ಹೈದರಾಬಾದಿನವರು ಪುಣ್ಯವಂತರು. ಯಾದಗಿರಿ, ರಾಯಚೂರು ಜಿಲ್ಲೆಗಳಿಗೆ ಅಂಟಿಕೊಂಡಿರುವ ನಾರಾಯಣಪೇಟೆಯ ಹತ್ತಿ ಸೀರೆಯ ಚೌಕಳಿ ಕತ್ತರಿಗೆ ತಾನೇ ದಾರಿ ತೋರಿಸುತ್ತದೆ. ಪೋಚಂಪಲ್ಲಿ ಇಕ್ಕತ್ತಿನ ದೊಡ್ಡ ವಿನ್ಯಾಸವನ್ನು ಹಲ್ಲುಗಳಿಗೆ ಬಳಸಿದರೆ ಚೂರುಚೂರಾಗಿ ಕಾಣುತ್ತದೆ, ನಡುವಿನ ಚೌಕಕ್ಕೆ ಇಟ್ಟರೆ ಅದೇ ಕಳೆ. ಊರಿನಿಂದ ಬಂದ ಗುಳೇದಗುಡ್ಡದ ಖಣ ಇದ್ದರೆ ಇನ್ನೂ ಚೆನ್ನ. ಪಾಲಿಯೆಸ್ಟರ್ ಲೈನಿಂಗ್ ಬೇಡ, ಬಿಸಿ ಇಸ್ತ್ರಿಗೆ ಮುದುಡುತ್ತದೆ. ಕೆಂಪು, ಕಡುನೀಲಿ ತುಂಡನ್ನು ಮೊದಲು ಒದ್ದೆಯ ಬಿಳಿ ಬಟ್ಟೆಯ ಮೇಲಿಟ್ಟು ಒತ್ತಿ ನೋಡಬೇಕು. ಬಣ್ಣ ಬಿಟ್ಟರೆ ಅದು ತೊಳೆಯದ ಅಲಂಕಾರಕ್ಕಷ್ಟೇ ಸೈ.

ಒಂದು ಚುಕ್ಕಿಯಿಂದ ಏನೇನಾಗುತ್ತದೆ? ಹಿಂದೆ ಒಂದು ಬಟ್ಟೆ ಕೊಟ್ಟು ಮೇಲೆ ದಾರ ಪೋಣಿಸಿದರೆ ಸಂಕ್ರಾಂತಿಯ ಎಳ್ಳುಬೆಲ್ಲದ ಚೀಲ. ಐದನ್ನು ಸಾಲಾಗಿ ಕಟ್ಟಿದರೆ ಬಾಗಿಲ ತೋರಣ. ಉದ್ದಕ್ಕೆ ಕೂಡಿಸಿದರೆ ನವರಾತ್ರಿಯ ಗೊಂಬೆ ಮೆಟ್ಟಿಲಿಗೆ ಹಾಸು. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ತೆಲಂಗಾಣದ ಹೆಂಗಸರು ಬತುಕಮ್ಮ ಆಡುವುದರಿಂದ, ತಂಗೇಡಿ ಹೂವಿನ ಹಳದಿ ಬಣ್ಣದ ಚುಕ್ಕಿಯೊಂದು ಪಕ್ಕದ ಮನೆಯವರಿಗೂ ಸಲ್ಲುತ್ತದೆ. ಡಿಸೆಂಬರಿನಲ್ಲಿ ಸಿಕಂದರಾಬಾದಿನ ಮನೆಗಳ ಮುಂದೆ ಕಾಗದದ ನಕ್ಷತ್ರದೀಪಗಳು ತೂಗುತ್ತವೆ. ಆ ಬಗೆಯ ದೀಪಗಳಲ್ಲಿ ಹೆಸರಾದ ಮೊರಾವಿಯನ್ ನಕ್ಷತ್ರ 1830ರ ದಶಕದಲ್ಲಿ ಜರ್ಮನಿಯ ನೀಸ್ಕಿ ಎಂಬಲ್ಲಿನ ಹುಡುಗರ ಶಾಲೆಯಲ್ಲಿ ಹುಟ್ಟಿದ್ದು, ಅದೂ ಜ್ಯಾಮಿತಿಯ ಪಾಠವಾಗಿ. ಬಟ್ಟೆಯ ಚುಕ್ಕಿಯನ್ನೂ ಮಕ್ಕಳಿಗೆ ಹಾಗೆಯೇ ಕಲಿಸಬಹುದು. ಎಂಟರಲ್ಲೊಂದು ಅಂಶ ಎಂದರೇನೆಂದು ಕರಿಹಲಗೆಗಿಂತ ಕತ್ತರಿ ಬೇಗ ಹೇಳಿಕೊಡುತ್ತದೆ.

ಚುಕ್ಕಿಯನ್ನು ಉಡುಗೊರೆಯಾಗಿ ಕೊಡುವುದನ್ನು ಬದುಕಿನ ಭಾಗವಾಗಿಯೇ ಮಾಡಿಕೊಂಡವರು ಅಮೆರಿಕದ ಮೂಲನಿವಾಸಿ ಲಕೋಟಾ ಜನ. ಹುಟ್ಟು, ಸಾವು, ಗೌರವದ ಹೊತ್ತುಗಳಲ್ಲಿ ದೊಡ್ಡ ಬೆಳ್ಳಿಚುಕ್ಕಿಯ ಕೌದಿಯನ್ನು ಹೊದಿಸಿ ಮನ್ನಿಸುವುದು ಅವರ ರೂಢಿ. ಕಾಡೆಮ್ಮೆಗಳು ಕಣ್ಮರೆಯಾದ ಮೇಲೆ ಅವುಗಳ ಚರ್ಮದ ಹೊದಿಕೆಯ ಸ್ಥಾನಕ್ಕೆ ಬಂದದ್ದು ಈ ಕೌದಿ. ನಮ್ಮಲ್ಲಿ ತುಂಡುಬಟ್ಟೆಗೆ ಅಂಥ ಮಾನ ತಂದವರು ಸಂಡೂರಿನ ಲಂಬಾಣಿ ಹೆಂಗಸರು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಅವರ ಕಸೂತಿಯ 1755 ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಅವರ ಕೆಲಸದಿಂದ ಚುಕ್ಕಿ ಹೊಲಿಯುವವರು ಕಲಿಯಬೇಕಾದದ್ದು ತುಂಡಿನ ಅಂಚನ್ನು ಅಲಂಕಾರವಾಗಿಸುವ ಬಗೆ: ಎರಡು ಬಟ್ಟೆ ಸೇರುವ ಗೆರೆಯ ಮೇಲೆಯೇ ಬಿಳಿ ದಾರದ ಹೊಲಿಗೆ ಓಡಿದರೆ ಜೋಡಣೆ ಎದ್ದು ಕಾಣುತ್ತದೆ.

ಸುತ್ತಲಿನ ಮಾರ್ಜಿನ್ ಸೇರಿ ಎಂಟೂವರೆ ಇಂಚಿನ ಚುಕ್ಕಿ ಸಿದ್ಧವಾಯಿತೆನ್ನಿ. ಅದರ ಕೆಳಗೆ ಹಳೆಯ ಧೋತರದ ಎರಡು ಪದರ, ಅದರಡಿ ಸೀರೆಯ ತುಂಡು ಇಟ್ಟು, ಮಿಷನ್ನನ್ನು ಬದಿಗೆ ಸರಿಸಿ ಸೂಜಿ ಹಿಡಿದರೆ ಅಲ್ಲಿಂದ ಮುಂದೆ ಕೆಲಸ ಕೌದಿಯದು. ನಡುವಿನ ಚೌಕದಿಂದ ಹೊರಟು ಮೊನೆಯಿಂದ ಮೊನೆಗೆ ಸಾಲುಹೊಲಿಗೆ ಹಾಕುತ್ತಾ ಹೋದರೆ ಬಟ್ಟೆ ಅಲ್ಲಲ್ಲಿ ತುಸು ಉಬ್ಬಿ, ತುಸು ಕುಗ್ಗಿ, ಅಜ್ಜಿಯ ಕೌದಿಯಂತೆಯೇ ಕೈಗೆ ಮೆತ್ತಗೆ ಹತ್ತುತ್ತದೆ. ಅಂಚು ಮಡಚಿ ಮುಗಿಸುವ ಮೊದಲು ಖಣದ ನಾಲ್ಕು ಚೂರುಗಳನ್ನು ತ್ರಿಕೋನವಾಗಿ ಮಡಚಿ ನಾಲ್ಕು ಮೂಲೆಗೂ ಸಿಕ್ಕಿಸಬೇಕು, ಯಲ್ಲಾಪುರದ ಹೆಂಗಸರು ಫೂಲ ಇಡುವಂತೆ.